ದಂಡಿನಜ್ಜನ ಎಡೆ

ಚಪ್ಪಲಿ ಬಿಟ್ಟರೆ ಅದರ ಮೂತಿ ಬಾಗಿಲ ಕಡೆಗೇ ಇರಬೇಕು ನನಗೆ. ಎರಡೂ ಜೋಡಿಯಾಗಿ, ಒಂದಕ್ಕೊಂದು ತಾಗಿಸಿ. ಮದುವೆ ಮನೆಯಾದರೂ ಅಷ್ಟೆ, ಆಸ್ಪತ್ರೆಯಾದರೂ ಅಷ್ಟೆ. ನನ್ನ ಸೊಸೆ ಗೀತಾ ನಗುತ್ತಾಳೆ. ‘ಅತ್ತೆ, ಬಂದ ಗಳಿಗೆಯಿಂದಲೇ ಹೋಗಾಕೆ ತಯಾರಾಗಿರ್ತೀರಿ ನೋಡ್ರಿ’ ಅನ್ನುತ್ತಾಳೆ. ಹೋಗೋ ವಯಸ್ಸೇ ಇದು, ಅವಳು ಅಂದದ್ದರಲ್ಲಿ ತಪ್ಪಿಲ್ಲ. ಆದರೆ ಈ ಚಾಳಿ ವಯಸ್ಸಿನಿಂದ ಬಂದದ್ದಲ್ಲ. ನಮ್ಮಜ್ಜ ಸಿದ್ದಪ್ಪ ಹಾಗೆ ಬಿಡುತ್ತಿದ್ದ. ನೋಡಿ ನೋಡಿ ನನ್ನ ಕಾಲಿಗೂ ಅಂಟಿಕೊಂಡಿತು.

ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ಬಂದರೆ ಕೈ ತಡವರಿಸುತ್ತದೆ. ಚಂದ ಮಾಡಿ ಬರೆಯಲು ಬರುವುದಿಲ್ಲ, ಅದನ್ನು ನನ್ನ ಹತ್ತಿರ ಕೇಳಬೇಡಿ.

ನಮ್ಮೂರು ನ್ಯಾಮತಿ ತಾಲ್ಲೂಕು, ಗೋವಿನಕೋವಿಗೆ ಹತ್ತಿರ. ಅಜ್ಜ ಇಲ್ಲಿಯವನಲ್ಲ. ಜಗಳೂರು ಸೀಮೆಯಿಂದ ಅಜ್ಜಿ ಕೊಟ್ರಮ್ಮನನ್ನು ಕರೆದುಕೊಂಡು ಬಂದು, ಸರ್ಕಾರ ಕೊಟ್ಟ ಜಮೀನಿನಲ್ಲಿ ಜಾಲಿ ಕಡಿದು ಜೋಳ ಬಿತ್ತಿದವನು. ಆ ಜಮೀನು ಅಜ್ಜನದಲ್ಲ, ಅವನ ಅಣ್ಣ ಕೆಂಚಪ್ಪನದು ಅಂತ ಮನೆಯಲ್ಲಿ ಹೇಳುತ್ತಿದ್ದರು. ಕೆಂಚಪ್ಪ ದಂಡಿಗೆ ಸೇರಿ, ಮೊದಲನೇ ದೊಡ್ಡ ಯುದ್ಧಕ್ಕೆ ಹಡಗು ಹತ್ತಿ, ಸಮುದ್ರದಾಚೆಯ ಮರಳು ಸೀಮೆಯಲ್ಲಿ ಸತ್ತನಂತೆ. ಅವನ ಲೆಕ್ಕದಲ್ಲಿ ಸರ್ಕಾರ ಮನೆಯವರಿಗೆ ಜಮೀನು ಕೊಟ್ಟಿತಂತೆ. ಅವನನ್ನು ನಾವು ಮಕ್ಕಳು ದಂಡಿನಜ್ಜ ಅನ್ನುತ್ತಿದ್ದೆವು. ಅವನನ್ನು ಕಂಡವರು ಊರಲ್ಲಿ ಯಾರೂ ಇರಲಿಲ್ಲ. ನಾವಂತೂ ಅವನ ತಲೆಗೆ ದೊಡ್ಡ ಟೋಪಿ, ಕೈಗೆ ಬಂದೂಕು ಕೊಟ್ಟು ಮನಸ್ಸಿನಲ್ಲೇ ನಿಲ್ಲಿಸಿಕೊಂಡಿದ್ದೆವು.

ಈಗ ನೋಡಿ, ದಂಡಿಗೆ ಹೋದವನು ಅಣ್ಣ, ದಂಡಿನ ಚಾಳಿಯೆಲ್ಲ ತಮ್ಮನಿಗೆ. ಎದ್ದ ಕೂಡಲೇ ಕಂಬಳಿಯನ್ನು ಇಟ್ಟಿಗೆ ಹಾಗೆ ಚೌಕ ಮಡಿಚಿ ಇಡುತ್ತಿದ್ದ. ಹೊಲಕ್ಕೆ ಹೋಗುವಾಗ ಒಂದೇ ಅಳತೆಯ ಹೆಜ್ಜೆ, ಹಿಂದೆ ನಾವು ಓಡಬೇಕು. ಉಣ್ಣುವಾಗ ಬೆನ್ನು ಗೋಡೆಗೆ, ಮುಖ ಬಾಗಿಲಿಗೆ. ಇನ್ನೊಂದು ಇತ್ತು. ‘ಸಿದ್ದಪ್ಪಾ’ ಅಂತ ಒಂದು ಸಲ ಕೂಗಿದರೆ ತಿರುಗುತ್ತಿರಲಿಲ್ಲ, ಎರಡನೇ ಸಲ ಕೂಗಬೇಕು. ಕಿವಿ ಮಂದ ಅಂತ ಊರವರು ಅನ್ನೋರು. ಮಂದ ಏನು ಬಂತು, ಹೊಳೆಯಾಚೆ ಯಾರ ಎತ್ತಿನ ಗಂಟೆ ಅಂತ ಇಲ್ಲಿಂದಲೇ ಹೇಳುತ್ತಿದ್ದ. ಇದೆಲ್ಲ ಕಣ್ಣ ಮುಂದೆ ಇದ್ದರೂ ನಮಗೆ ಯಾರಿಗೂ ಏನೂ ಅನ್ನಿಸಲಿಲ್ಲ. ಮನೆಯವರನ್ನು ಯಾರು ಅಷ್ಟು ನೋಡುತ್ತಾರೆ ಹೇಳಿ.

ಮಾರ್ನಮಿ ಅಮಾವಾಸ್ಯೆಗೆ ನಮ್ಮ ಕಡೆ ಹಿರಿಯರ ಹಬ್ಬ. ಸತ್ತವರಿಗೆ ಹೊಸ ಬಟ್ಟೆ ಇಟ್ಟು, ಹೋಳಿಗೆ ಮಾಡಿ, ಬಾಳೆಲೆ ಮೇಲೆ ಎಡೆ ಬಡಿಸಿ ಪೂಜೆ ಮಾಡುತ್ತೇವೆ. ದಂಡಿನಜ್ಜನ ಎಡೆ ಬೇರೆಯೇ. ಅದಕ್ಕೆ ಹೋಳಿಗೆ ಜೊತೆ ಮೆಣಸಿನಕಾಯಿ ಬೋಂಡ, ಒಂದು ಲೋಟ ಹಾಲಿಲ್ಲದ ಬೆಲ್ಲದ ಚಾ. ಪೂಜೆ ಮುಗಿದ ಮೇಲೆ ಆ ಎಡೆಯನ್ನು ಅಜ್ಜ ಎತ್ತಿಕೊಂಡು ಕೊಟ್ಟಿಗೆಗೆ ಹೋಗಿ, ಎತ್ತುಗಳ ಪಕ್ಕ ಕೂತು ಪೂರ್ತಿ ಉಣ್ಣುತ್ತಿದ್ದ. ಒಂದು ಬೋಂಡ ಕೊಡಜ್ಜ ಅಂದರೆ ಕೊಡುತ್ತಿರಲಿಲ್ಲ.

‘ನಮ್ಮಣ್ಣನ ಪಾಲು ನನಗೇ ಸೇರ್ತೈತೆ, ನಡೀರಿ’ ಅನ್ನುತ್ತಿದ್ದ.

ಅವನು ಉಂಡು ಮುಗಿಸುವವರೆಗೂ ಅಜ್ಜಿ ಕೊಟ್ಟಿಗೆ ಬಾಗಿಲ ಹಿಂದೆ ಸೆರಗು ಹೊದ್ದು ನಿಂತಿರುತ್ತಿದ್ದಳು. ಬೇರೆ ದಿನ ಗಂಡನಿಗೆ ತಟ್ಟೆ ಕುಕ್ಕಿ ಹೋಗುವವಳು ಅವಳು. ‘ಉಣ್ಣು, ತಣ್ಣಗಾದ್ರೆ ನಾನೇನು ಮತ್ತೆ ಬಿಸಿ ಮಾಡಾಕೆ ಕೂತಿಲ್ಲ’ ಅನ್ನುವವಳು. ಅವತ್ತೊಂದು ದಿನ ಮಾತೇ ಇಲ್ಲ.

ಅಜ್ಜಿ ಉಡಿಕೆಯವಳು. ಉಡಿಕೆ ಅಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಗಂಡ ಸತ್ತ ಹೆಂಗಸಿಗೆ ಸೀರೆ ಉಡಿಸಿ ಇನ್ನೊಬ್ಬನ ಜೊತೆ ಮಾಡುವುದು. ಅದಕ್ಕೆ ಹಂದರವಿಲ್ಲ, ಓಲಗವಿಲ್ಲ, ಬೆಳಕಿನಲ್ಲಿ ಮಾಡುವುದೂ ಇಲ್ಲ. ಹಾಗೆ ಆದವಳು ಸಂಸಾರ ಮಾಡಬಹುದು, ಮಕ್ಕಳು ಹೆರಬಹುದು, ಶುಭಕಾರ್ಯದಲ್ಲಿ ಮುಂದೆ ಬರುವ ಹಾಗಿಲ್ಲ. ಮೊದಲು ದಂಡಿನಜ್ಜನ ಹೆಂಡತಿ, ಅವನು ಸತ್ತ ಮೇಲೆ ಮೈದುನನಿಗೇ ಉಡಿಕೆ ಮಾಡಿದರು ಅಂತ ಊರವರೆಲ್ಲ ಬಲ್ಲರು. ಬಲ್ಲರು ಅಂದರೆ ಸುಮ್ಮನೆ ಬಲ್ಲದ್ದಲ್ಲ, ನೀರು ಸೇದುವಲ್ಲಿ ಜಗಳ ಬಂದರೆ ಮೊದಲು ಅದೇ ಮಾತು ತೆಗೆಯುತ್ತಿದ್ದರು. ‘ಇಬ್ಬರನ್ನ ಕಂಡಾಕಿ’ ಅಂತ. ಅಜ್ಜಿ ಕೊಡ ಎತ್ತಿಕೊಂಡು ಬರುತ್ತಿದ್ದಳು. ತಿರುಗಿ ಒಂದು ಮಾತು ಆಡಿದ್ದು ನಾನು ಕೇಳಿಲ್ಲ. ಬೇರೆ ಯಾವ ವಿಷಯಕ್ಕಾದರೂ ಆಡುತ್ತಿದ್ದಳು, ಅವಳ ಬಾಯಿಗೆ ಇಡೀ ಕೇರಿ ಹೆದರುತ್ತಿತ್ತು.

ನನ್ನ ಮದುವೆಯಲ್ಲಿ ಸುರಿಗೆ ನೀರು ಹಾಕುವಾಗ ಮುತ್ತೈದೆಯರು ಬನ್ನಿ ಅಂತ ಕರೆದರು. ನಾನು ಒಬ್ಬಳೇ ಮಗಳು ಅಂತ ಮನೆಅಳಿಯನನ್ನು ತಂದಿದ್ದರು. ಹುಟ್ಟಿದಾಗಿನಿಂದ ನನಗೆ ನೀರು ಹಾಕಿ ಬೆಳೆಸಿದವಳು ಅಜ್ಜಿ. ಅವಳು ಒಲೆ ಮುಂದೆ ಕೂತು ಬೆಂಕಿ ಊದುತ್ತಿದ್ದಳು. ನಾನು ಅರಿಶಿಣದ ಮೈಯಲ್ಲೇ ಎದ್ದು ಹೋಗಿ ಕೈ ಹಿಡಿದು ಎಳೆದೆ.

‘ಬಿಡೇ ಗಂಗೀ, ನಾನು ಮುಟ್ಟಬಾರದು’ ಅಂದಳು.

‘ಯಾಕೆ? ದಿನಾ ಮುಟ್ಟಿಲ್ವಾ?’

‘ಆ ನೀರು ಬೇರೆ, ಈ ನೀರು ಬೇರೆ. ಹೋಗು, ಮಂದಿ ನೋಡ್ತಾರೆ.’

ಹೋದೆ. ಅವಳು ತೀರಿಕೊಂಡ ಮೇಲೆ ಅವಳ ಎಡೆಯನ್ನೂ ಒಲೆ ಪಕ್ಕದಲ್ಲೇ ಇಡುವುದು ರೂಢಿಯಾಯಿತು. ಹಿರಿಯರ ಸಾಲಿನಲ್ಲಿ ಗಂಡಸರ ಜೊತೆ ಉಡಿಕೆಯವಳ ಎಡೆ ಬರುವಂತಿಲ್ಲ. ನಾನೂ ಇಷ್ಟು ವರ್ಷ ಹಾಗೆಯೇ ಇಟ್ಟೆ.

ಇಷ್ಟೆಲ್ಲ ಈಗ ಎದ್ದದ್ದು ಖಾತೆಯ ದೆಸೆಯಿಂದ. ಸತ್ತವರ ಹೆಸರಿನಲ್ಲಿರುವ ಜಮೀನನ್ನು ಇದ್ದವರ ಹೆಸರಿಗೆ ಮಾಡಿಕೊಳ್ಳಿ, ಪೌತಿ ಖಾತೆ ಮಾಡಿಕೊಡುತ್ತೇವೆ ಅಂತ ಊರಲ್ಲಿ ಡಂಗುರ ಹೊಡೆದ ಹಾಗೆ ಹೇಳಿದರು. ನಮ್ಮ ಪಹಣಿ ತೆಗೆಸಿದರೆ ಹೆಸರು ಸಿಪಾಯಿ ಕೆಂಚಪ್ಪ. ನನ್ನ ಮಗ ಮಂಜ ಆ ಹೊಲ ಉಳುತ್ತಾನೆ. ಅವನಿಗೆ ಹೊಲದಲ್ಲಿ ಮೋಟರಿಗೆ ಕರೆಂಟು ಬೇಕು, ಖಾತೆ ಇಲ್ಲದೆ ಕೊಡುವುದಿಲ್ಲ. ಅವನ ಅವಸರ ನ್ಯಾಯವೇ.

ನ್ಯಾಮತಿಗೆ ಹೋದೆವು. ಇದು ಹೊಸ ತಾಲ್ಲೂಕು, ಹಳೇ ಕಾಗದ ಹೊನ್ನಾಳಿಯಲ್ಲಿ ಅಂದರು. ಹೊನ್ನಾಳಿ ರೆಕಾರ್ಡ್ ರೂಮಿನಲ್ಲಿ ಗಂಟುಗಂಟು ಕಾಗದ, ಕೆಂಪು ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದರು. ಅಲ್ಲಿದ್ದವನು ಬಾಯಿಗೆ ಟವೆಲು ಕಟ್ಟಿಕೊಂಡು ಬಂದ.

‘ಯಾರನ್ನ ಹುಡುಕಾಕೆ ಬಂದೀರಿ ಅಜ್ಜಿ?’

‘ಸತ್ತೋನ್ನ’ ಅಂದೆ.

‘ಇಲ್ಲಿರೋರೆಲ್ಲ ಅವ್ರೇ. ಹೆಸರು ಹೇಳ್ರಿ.’

ಪುಣ್ಯಾತ್ಮ ಹುಡುಕಿಕೊಟ್ಟ. ಜಮೀನು ಮಂಜೂರಾದ ಕಾಗದ ಸಿಕ್ಕಿತು. ಸಿಪಾಯಿ ಕೆಂಚಪ್ಪ ಖುದ್ದು ಹಾಜರಾಗಿ ಒತ್ತಿದ್ದು ಅಂತ ಬರೆದು, ಕೆಳಗೆ ಹೆಬ್ಬೆಟ್ಟು. ಕಾಗದ ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಹೆಬ್ಬೆಟ್ಟಿನ ಗೆರೆ ಮಾತ್ರ ಎದ್ದು ಕಾಣುತ್ತಿತ್ತು. ಆಮೇಲೆ ಕೆಂಚಪ್ಪ ಸತ್ತದ್ದಕ್ಕೆ ಕಾಗದ ಬೇಕು ಅಂತ ಜಗಳೂರಿಗೆ ಹೋದೆವು. ಅಜ್ಜನ ಹುಟ್ಟೂರಿನ ಹಳೇ ಶಾನುಭೋಗರ ಪುಸ್ತಕದಲ್ಲಿ ಅದೂ ಇತ್ತು. ಕೆಂಚಪ್ಪ, ದಂಡಿನಲ್ಲಿ ಮೃತ, ಶವ ಬಂದಿಲ್ಲ, ತಂದೆಗೆ ಒಬ್ಬನೇ ಮಗ.

ಅದನ್ನು ಓದಿದವಳು ನಮ್ಮೂರಿನ ಗ್ರಾಮ ಲೆಕ್ಕಿಗ ಮೇಡಂ. ಸಣ್ಣ ವಯಸ್ಸಿನ ಹೆಣ್ಣುಮಗಳು, ಒಳ್ಳೆಯವಳು, ನನಗೆ ಕುರ್ಚಿ ಕೊಡದೆ ತಾನು ಕೂರುತ್ತಿರಲಿಲ್ಲ. ಎರಡೂ ಕಾಗದ ಪಕ್ಕಪಕ್ಕ ಇಟ್ಟು ನಕ್ಕಳು.

‘ಅಜ್ಜಿ, ಇವರು ಸತ್ತು ಸುಮಾರು ದಿನ ಆದ ಮೇಲೆ ಬಂದು ಹೆಬ್ಬೆಟ್ಟು ಒತ್ತಿದಾರೆ!’

ಮಂಜನೂ ನಕ್ಕ. ನನಗೂ ನಗು ಬಂತು.

‘ಒಬ್ಬನೇ ಮಗ ಅಂದ್ರೆ ನಮ್ಮಜ್ಜ ಎಲ್ಲಿಂದ ಬಂದ?’ ಅಂತ ಕೇಳಿದೆ.

‘ಬರಿಯೋದು ಬಿಟ್ಟಿರ್ತಾರೆ ಅಜ್ಜಿ, ಆಗಿನ ಕಾಲ. ಹೆಬ್ಬೆಟ್ಟು ತಮ್ಮನೇ ಒತ್ತಿರ್ತಾರೆ. ಯಾರು ಕೇಳೋರು? ಇದಕ್ಕೇನೂ ತೊಂದರೆ ಇಲ್ಲ, ವಂಶವೃಕ್ಷ ಬರೆದು ಸರಿ ಮಾಡೋಣ.’

ಬರೆದಳು. ಕೆಂಚಪ್ಪ ಅಂತ ಒಂದು ಮನೆ ಗೀಚಿ, ಕೆಳಗೆ ಹೆಂಡತಿ ಕೊಟ್ರಮ್ಮ, ಸಂತಾನವಿಲ್ಲ ಅಂತ ಬರೆದಳು. ಪಕ್ಕದಲ್ಲಿ ತಮ್ಮ ಸಿದ್ದಪ್ಪ, ಅದರ ಕೆಳಗೆ ಮತ್ತೆ ಹೆಂಡತಿ ಕೊಟ್ರಮ್ಮ. ಅದರ ಕೆಳಗೆ ನಮ್ಮಪ್ಪ, ನನ್ನ ಸೋದರತ್ತೆ, ನಾನು. ಬದುಕಿರುವ ವಾರಸುದಾರರು ಅಂದರೆ ನಾನು ಮತ್ತು ಅತ್ತೆ, ಇಬ್ಬರೂ ರುಜು ಹಾಕಬೇಕು ಅಂದಳು. ಅಜ್ಜಿಯ ಹೆಸರು ಎರಡು ಕಡೆ ನೋಡಿ ನನಗೆ ನೀರು ಸೇದುವ ಜಾಗದ ಮಾತು ನೆನಪಾಯಿತು. ಆದರೆ ನಡೆದದ್ದು ಅದೇ ಅಲ್ಲವೇ ಅಂದುಕೊಂಡೆ. ಮೊದಲು ಅತ್ತೆಯ ಹೆಬ್ಬೆಟ್ಟು ತರೋಣ ಅಂದ ಮಂಜ.

ಅತ್ತೆ ಚೆನ್ನಮ್ಮ ಇದ್ದದ್ದು ಚನ್ನಗಿರಿಯಲ್ಲಿ. ಅವಳ ಮಕ್ಕಳದು ಮಂಡಕ್ಕಿ ಅಂಗಡಿ. ನನಗಿಂತ ಹಿರಿಯಳು, ಎರಡೂ ಕಣ್ಣಿಗೆ ಪೊರೆ, ಕಿವಿ ಚುರುಕು. ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಿಗೇ, ‘ಗಂಗಿ ಬಂದ್ಲು ನೋಡ್ರಿ, ಜೋಡಿಸಿ ಇಡ್ತಾ ಅವ್ಳೆ’ ಅಂದಳು. ಮಂಡಕ್ಕಿ ಒಗ್ಗರಣೆ ಬಂತು, ಚಾ ಬಂತು. ಮಂಜ ಕಾಗದ ತೆಗೆದು ಓದಿದ. ಅತ್ತೆ ತಲೆ ಬಗ್ಗಿಸಿ ಕೇಳುತ್ತಿದ್ದಳು. ಶಾಯಿ ಡಬ್ಬಿ ಮುಂದಿಟ್ಟರೂ ಕೈ ಚಾಚಲಿಲ್ಲ.

‘ಇನ್ನೊಂದ್ಸಲ ಓದು. ನಮ್ಮವ್ವನ ಹೆಸರು ಎಷ್ಟು ಕಡೆ ಬರದೀರಿ?’

‘ಎರಡು ಕಡೆ, ಅಜ್ಜಿ’ ಅಂದ ಮಂಜ. ‘ಮೊದಲ ಗಂಡನ ಕೆಳಗೆ ಒಂದು, ಎರಡನೇ ಗಂಡನ ಕೆಳಗೆ ಒಂದು.’

‘ಥೂ ನಿನ್ನ’ ಅಂದಳು. ‘ಎಲ್ಲಿದ್ನೋ ಎರಡನೇ ಗಂಡ? ನಮ್ಮವ್ವಗೆ ಇದ್ದೋನು ಒಬ್ಬನೇ. ಹೋದೋನೂ ಅವ್ನೇ, ಬಂದೋನೂ ಅವ್ನೇ.’

ಲೋಟ ಕೆಳಗಿಟ್ಟೆ. ಅತ್ತೆ ನನ್ನ ಕಡೆ ಮುಖ ತಿರುಗಿಸಿದಳು.

‘ನಿನಗೂ ಗೊತ್ತಿಲ್ಲೇನೇ? ನಿಮ್ಮಪ್ಪಗೆ ಅವ್ವ ಹೇಳಿರ್ಲಿಲ್ಲ. ಗಂಡು ಹುಡುಗ, ಹೊರಗೆ ಆಡ್ತಾನೆ ಅಂತ. ನನ್ನ ಬಾಣಂತನದಾಗೆ ಎಣ್ಣೆ ತಿಕ್ತಾ ನನಗೊಬ್ಬಳಿಗೇ ಹೇಳಿದ್ಲು.’

ಅವಳು ಹೇಳಿದ್ದನ್ನು ಹೇಳುತ್ತೇನೆ. ಕೆಂಚಪ್ಪ ಸತ್ತ ಅಂತ ದಂಡಿನಿಂದ ಸುದ್ದಿ ಬಂತು. ಹೆಣ ಇಲ್ಲದೆಯೇ ಗುಣಿ ತೋಡಿ ಮಣ್ಣು ಮಾಡಿ, ಸತ್ತವರ ದಿನ ಮಾಡಿ, ಅಜ್ಜಿಯ ಬಳೆ ಒಡೆದರು. ಅವಳಿಗೆ ಆಗ ಹದಿನೆಂಟೋ ಇಪ್ಪತ್ತೋ. ಅವನು ಸತ್ತಿರಲಿಲ್ಲ, ಸೆರೆ ಸಿಕ್ಕಿದ್ದ. ಯುದ್ಧ ಮುಗಿದ ಮೇಲೆ ಮೂಳೆಚಕ್ಕಳ ಆಗಿ ಊರಿಗೆ ನಡೆದು ಬಂದ. ಹೊಸ್ತಿಲು ದಾಟಲು ಕಾಲೆತ್ತಿದರೆ ಅವನ ಅಪ್ಪನೇ ಅಡ್ಡ ನಿಂತನಂತೆ. ದಿನ ಮಾಡಿಸಿಕೊಂಡವನು ಆ ಬಾಗಿಲಲ್ಲಿ ಬರುವ ಹಾಗಿಲ್ಲ. ಊರ ಹಿರಿಯರು ಕೂತು ಮಾತಾಡಿ, ಮಾಳಿಗೆ ಹತ್ತಿಸಿ ಗವಾಕ್ಷಿಯಿಂದ ಹಗ್ಗ ಕಟ್ಟಿ ಒಳಗೆ ಇಳಿಸಿದರು. ತೊಟ್ಟಿಲು ಮುಟ್ಟಿಸಿದರು. ಅಯ್ಯನವರು ಬಂದು ಹುಟ್ಟಿದ ಕೂಸಿಗೆ ಕಟ್ಟಿದ ಹಾಗೆ ಹೊಸದಾಗಿ ಲಿಂಗ ಕಟ್ಟಿ, ಕಿವಿಯಲ್ಲಿ ಸಿದ್ದಪ್ಪ ಅಂತ ಹೆಸರು ಹೇಳಿದರು. ಸತ್ತವನ ಹೆಸರು ತಿರುಗಿ ಇಡುವುದಿಲ್ಲ.

‘ಅವನ ಕೆಲಸ ಆಯ್ತು. ಅವ್ವ?’ ಅಂದಳು ಅತ್ತೆ. ‘ಅವ್ಳು ಕೆಂಚಪ್ಪ ಸತ್ತು ರಂಡೆ ಆದೋಳು. ಬಂದೋನು ಸಿದ್ದಪ್ಪ. ಜೊತೇಲಿ ಇರಾಕೆ ಹೆಂಗೆ ಬಿಡ್ತಾರೆ? ಅವ್ವ ಕೇಳಿದ್ಲಂತೆ, ಅದೇ ಮನುಷ್ಯ ಅಲ್ವಾ, ನಾನು ಕಟ್ಟಿಸಿಕೊಂಡ ತಾಳಿ ಅವನದೇ ಅಲ್ವಾ ಅಂತ. ಬಳೆ ಒಡೆದಿದ್ದು ಒಡೆದಿದ್ದೇ ಅಂದ್ರಂತೆ. ಅವನಿಗೇ ಉಡಿಕೆ ಮಾಡಿದ್ರು, ಕತ್ತಲಾಗೆ. ಅವನು ಬಾಯಿ ಬಿಡ್ಲಿಲ್ಲ. ಹುಕುಂ ಕೇಳಿ ಕೇಳಿ ರೂಢಿ ಆಗಿದ್ದೋನು, ಇವರು ಹೇಳಿದ್ದನ್ನೂ ಕೇಳ್ದ.’

ಆದರೂ ಆ ಊರಲ್ಲಿ ಅವನನ್ನು ಯಾರೂ ಬಿತ್ತನೆಗೆ ಕರೆಯಲಿಲ್ಲವಂತೆ. ಸತ್ತು ಬಂದವನು ಕೂರಿಗೆ ಮುಟ್ಟಿದರೆ ಬೀಜ ಹುಟ್ಟುವುದಿಲ್ಲ ಅಂತ. ಸರ್ಕಾರಕ್ಕೆ ಮಾತ್ರ ಅವನು ಕೆಂಚಪ್ಪನೇ, ಬದುಕಿ ಬಂದ ಸಿಪಾಯಿ. ಅದಕ್ಕೇ ಜಮೀನು ಆ ಹೆಸರಿಗೆ ಬಂತು. ತನ್ನನ್ನು ಯಾರೂ ಅರಿಯದ ಈ ಊರಿಗೆ ಬಂದು, ಜಮೀನು ಅಣ್ಣನದು ಅಂತ ಹೇಳಿ ಇಲ್ಲದ ಅಣ್ಣನನ್ನು ಹುಟ್ಟಿಸಿದ. ಉಡಿಕೆಯ ಸಂಗತಿ ನೆಂಟರ ಬಾಯಿಂದ ಇಲ್ಲಿಗೂ ಬಂತು. ಅಣ್ಣ ಒಬ್ಬ ಸಿದ್ಧವಾಗಿಯೇ ಇದ್ದ, ಅಜ್ಜಿ ಅವನ ವಿಧವೆಯಾದಳು.

‘ವರ್ಷಕ್ಕೊಂದ್ಸಲ ನನ್ನ ಮದುವೆ ಗಂಡಗೆ ಉಣ್ಣಾಕೆ ಇಡ್ತೀನಿ ಅಂತಿದ್ಲು ಅವ್ವ’ ಅಂದಳು ಅತ್ತೆ. ‘ಬೋಂಡ, ಬೆಲ್ಲದ ಚಾ, ಅವೆಲ್ಲ ಅವನು ದಂಡಿನಿಂದ ರಜಕ್ಕೆ ಬಂದಾಗ ಕೇಳ್ತಿದ್ದದ್ದು.’

ನನಗೆ ಕೊಟ್ಟಿಗೆ ಕಾಣಿಸಿತು. ತನ್ನ ಎಡೆಯನ್ನು ತಾನೇ ಉಣ್ಣುತ್ತಿದ್ದವನು, ಬಾಗಿಲ ಹಿಂದೆ ನಿಂತವಳು. ಎರಡು ಸಲ ಕೂಗಿದರೆ ತಿರುಗುವ ಕಿವಿ. ಅಜ್ಜನ ಮೇಲೆ ನನಗೆ ಅವತ್ತು ಸಿಟ್ಟೇ ಬಂತು, ಅಳು ಬರಲಿಲ್ಲ. ಅವನಿಗೆ ಹೊಸ ಹೆಸರು ಸಿಕ್ಕಿತು, ಹೊಸ ಊರು ಸಿಕ್ಕಿತು. ಬಿತ್ತನೆಗೆ ಮುಂದೆ ನಿಂತ, ಪಂಚಾಯ್ತಿಗೆ ಕೂತ. ಅವಳು ಮದುವೆಯಾದವನ ಜೊತೆಗೇ ಬಾಳಿ, ಇಬ್ಬರನ್ನು ಕಂಡವಳು ಅನ್ನಿಸಿಕೊಂಡು ಒಲೆ ಮುಂದೆ ಕೂತಳು. ಒಂದು ಸಲ, ನೀರು ಸೇದುವ ಜಾಗಕ್ಕೆ ಹೋಗಿ, ‘ಇವಳು ಕಂಡದ್ದು ನನ್ನೊಬ್ಬನನ್ನೇ’ ಅಂತ ಅನ್ನಬಹುದಿತ್ತು ಅವನು. ಯುದ್ಧ ಮಾಡಿ ಬಂದವನಿಗೆ ಅಷ್ಟಾಗಲಿಲ್ಲ.

ಅತ್ತೆ ಹೆಬ್ಬೆಟ್ಟು ಒತ್ತಲಿಲ್ಲ. ಮಂಜ ದಾರಿಯುದ್ದಕ್ಕೂ ಗೊಣಗಿದ. ನಾನು ಮೇಡಂ ಹತ್ತಿರ ಹೋಗಿ ನಡೆದದ್ದು ಹೇಳಿದೆ. ಆ ಹುಡುಗಿ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡಳು.

‘ಅಂದ್ರೆ ಕೆಂಚಪ್ಪ ಯಾನೆ ಸಿದ್ದಪ್ಪ ಅಂತ ಬರೀಬೇಕು’ ಅಂದಳು. ‘ಒಬ್ಬನೇ ಮನುಷ್ಯನಿಗೆ ಎರಡು ಹೆಸರು ಇದ್ರೆ ನಡುವೆ ಯಾನೆ ಹಾಕ್ತೀವಿ.’

‘ಹಾಕು ಮತ್ತೆ.’

‘ನಾನು ಹಾಕಾಕೆ ಬರಲ್ಲ ಅಜ್ಜಿ. ಒಬ್ರು ಸತ್ತಿದಾರೆ ಅಂತ ಪುಸ್ತಕದಾಗೆ ಐತೆ. ಕೋರ್ಟಿಂದ ಆಗಬೇಕು. ಬಲ್ಲೋರು ಬಂದು ಸಾಕ್ಷಿ ಹೇಳಬೇಕು.’

ಅತ್ತೆಗೆ ಫೋನಿನಲ್ಲಿ ಕೇಳಿದೆ. ‘ಬರ್ತೀನಿ ಕಣೆ. ಕೂರಾಕೆ ಕುರ್ಚಿ ಕೊಡ್ತಾರಾ ಕೇಳು’ ಅಂದಳು. ಹೊನ್ನಾಳಿಯಲ್ಲಿ ವಕೀಲರನ್ನು ಹಿಡಿದೆವು. ಮಂಜ ಬೇಡ ಬೇಡ ಅನ್ನುತ್ತಲೇ ಬಂದ. ವಾಯಿದೆ ಮೇಲೆ ವಾಯಿದೆ ಬಿತ್ತು. ಒಂದು ಸಲ ಸಾಹೇಬರು ರಜ, ಒಂದು ಸಲ ವಕೀಲರ ಮನೆಯಲ್ಲಿ ಮದುವೆ. ಶ್ರಾವಣದಲ್ಲಿ ಅತ್ತೆಗೆ ಜ್ವರ ಬಂತು, ಹೋಗಿಬಿಟ್ಟಳು. ಅವಳ ಸೀರೆಯೊಂದನ್ನು ಕೋರ್ಟಿಗೆ ಹೋಗಲು ಅಂತ ಇಸ್ತ್ರಿ ಮಾಡಿಸಿ ಇಟ್ಟಿದ್ದರು. ಅದನ್ನೇ ಉಡಿಸಿದರು.

ಇನ್ನು ಬಲ್ಲವರು ಯಾರೂ ಇಲ್ಲ. ನಾನು ಕೇಳಿದವಳು ಮಾತ್ರ, ನಾನು ಹೇಳಿದರೆ ಸಾಕ್ಷಿಯಾಗುವುದಿಲ್ಲ ಅಂದರು ವಕೀಲರು. ಅತ್ತೆಯ ದಿನ ಕಳೆದ ಮೇಲೆ ಮಂಜ ಚನ್ನಗಿರಿಗೆ ಹೋಗಿ ಅವಳ ಮಕ್ಕಳ ರುಜು ತಂದ. ಅವರು ಓದದೆ ಹಾಕಿಕೊಟ್ಟರಂತೆ. ಹಳೇ ಕಾಗದವೇ, ಕೊಟ್ರಮ್ಮ ಎರಡು ಕಡೆ. ನನ್ನದೊಂದು ಬಾಕಿ.

‘ಅವ್ವ, ಸತ್ತು ಎಷ್ಟೋ ಕಾಲ ಆದೋರು. ಯಾರು ಓದ್ತಾರೆ ಅದನ್ನ? ನಾನು ಬದುಕಿದೀನಿ, ನೀರಿಲ್ದೆ ಬೆಳೆ ಒಣಗ್ತೈತೆ’ ಅಂದ.

ಅವನು ಅಂದದ್ದು ಸುಳ್ಳಲ್ಲ. ಕಾಗದ ತೆಗೆದುಕೊಂಡೆ. ಪೆನ್ನೂ ಹಿಡಿದೆ. ನನ್ನ ಹೆಸರು ಬರೆಯಲು ನನಗೆ ಬಹಳ ಹೊತ್ತು ಬೇಕು, ಅಕ್ಷರ ಒಂದೊಂದಾಗಿ ಇಳಿಸಬೇಕು. ‘ಗ’ ಬರೆಯುವ ಮೊದಲು ಮೇಲೆ ಕಣ್ಣಾಡಿಸಿದೆ. ಕೊಟ್ರಮ್ಮ. ಕೊಟ್ರಮ್ಮ. ಮಡಿಚಿ ಟ್ರಂಕಿನಲ್ಲಿ ಇಟ್ಟೆ. ನಾನು ಸತ್ತ ಮೇಲೆ ಮಂಜ ಹಾಕಿಕೊಳ್ಳಲಿ, ಅವನ ರುಜು ಸಾಕಾಗುತ್ತದೆ. ಬಹಳ ದಿನ ಕಾಯಿಸುವುದಿಲ್ಲ. ಅವನು ನನ್ನ ಜೊತೆ ಮಾತು ಬಿಟ್ಟ.

ಅಮಾವಾಸ್ಯೆ ಬಂತು. ಗೀತಾ ಹೋಳಿಗೆ ಬೇಯಿಸಿದಳು, ನಾನು ಬೋಂಡ ಕರಿದೆ. ಹಿರಿಯರ ಮುಂದೆ ಎಲೆ ಹಾಕಿ ಬಡಿಸಿದೆ.

‘ಅತ್ತೆ, ಒಂದು ಎಲೆ ಕಮ್ಮಿ ಆಯ್ತಲ್ರೀ, ದಂಡಿನಜ್ಜನದು’ ಅಂದಳು ಗೀತಾ.

‘ಕಮ್ಮಿ ಆಗಿಲ್ಲ’ ಅಂದೆ. ಅಜ್ಜನ ಎಲೆಗೇ ಬೋಂ‌ಡ ಇಟ್ಟೆ, ಚಾ ಇಟ್ಟೆ. ಇಟ್ಟ ಮೇಲೆ ನೋಡಿದರೆ ಪಕ್ಕದಲ್ಲಿ ಜಾಗ ಖಾಲಿ. ಟೋಪಿ ಹಾಕಿ ಬಂದೂಕು ಕೊಟ್ಟು ನಾವು ಮಕ್ಕಳು ನಿಲ್ಲಿಸಿದ್ದವನು ಅವತ್ತು ಹೋದ. ಇಲ್ಲದವನು ಹೋದದ್ದಕ್ಕೆ ಇಷ್ಟು ಸಂಕಟ ಆಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅವನು ಸತ್ತ ಅಂತ ಬಳೆ ಒಡೆಸಿಕೊಂಡು ಅತ್ತವಳು ಅಜ್ಜಿ ಒಬ್ಬಳೇ.

ಒಲೆ ಪಕ್ಕದಲ್ಲಿ ಅಜ್ಜಿಯ ಎಲೆ ಇತ್ತು. ಎರಡು ಕೈಯಲ್ಲಿ ಎತ್ತಿದೆ. ನಡುಮನೆಗೆ ಬರುವಾಗ ಬೇಳೆ ಸಾರು ಸೋರಿ ಮೊಣಕೈವರೆಗೆ ಇಳಿಯಿತು. ಖಾಲಿ ಇದ್ದ ಜಾಗದಲ್ಲಿ, ಅಜ್ಜನ ಎಲೆಗೆ ತಾಗಿಸಿ ಇಟ್ಟೆ. ಅರಿಶಿಣ ಕುಂಕುಮ ಇಟ್ಟೆ. ಮೇಲೆ ಹಸಿರು ಬಳೆ, ಹೊಸವು, ಅಂಗಡಿಯಿಂದ ನಾನೇ ತಂದದ್ದು.

ಮಂಜ ಪೂಜೆಗೆ ಬಂದು ನಿಂತ. ಎಲೆ ನೋಡಿದ, ಬಳೆ ನೋಡಿದ, ನನ್ನನ್ನು ನೋಡಲಿಲ್ಲ.

‘ಊದಿನಕಡ್ಡಿ ಎಲ್ಲಿ?’ ಅಂದ. ಎಷ್ಟೋ ದಿನದ ಮೇಲೆ ಆಡಿದ ಮಾತು ಅದು. ಕೊಟ್ಟೆ. ಅಜ್ಜನಿಗೆ ಬೆಳಗಿ, ಪಕ್ಕಕ್ಕೆ ಸರಿದು, ಅಜ್ಜಿಗೂ ಬೆಳಗಿದ.

ಹೊಲಕ್ಕೆ ಕರೆಂಟು ಬಂದಿಲ್ಲ. ಪಹಣಿಯಲ್ಲಿ ಈಗಲೂ ಸಿಪಾಯಿ ಕೆಂಚಪ್ಪನೇ ಇದ್ದಾನೆ.